ಫಾರ್ಮ್ ಹಿಡಿದು ಮನೆ ಮನೆಗೆ ಹೋಗುವ ಕೆಲಸಕ್ಕೆ ಸೇರಬಹುದಾ?

ಪ್ರಶ್ನೆ: ನನಗೆ 23 ವರ್ಷ. ದಾವಣಗೆರೆಯವಳು. ಬಿ.ಕಾಂ ಮುಗಿಸಿ ಮನೆಯಲ್ಲಿದ್ದೇನೆ. ಮಾರುಕಟ್ಟೆ ಸಮೀಕ್ಷೆ ಮಾಡುವ ಒಂದು ಕಂಪನಿಯವರು ಫೀಲ್ಡ್ ಕೆಲಸಕ್ಕೆ ಕರೆದಿದ್ದಾರೆ. ಒಂದು ಫಾರ್ಮ್‌ಗೆ ಇಷ್ಟು ಅಂತ ದುಡ್ಡು. ‘ಮನೆ ಮನೆ ಅಲೆಯೋ ಕೆಲಸ ಬೇಡ’ ಅಂತಾರೆ ಅಪ್ಪ. ಸರ್ವೆಯವರೆಲ್ಲ ಟೀ ಅಂಗಡಿಯಲ್ಲಿ ಕೂತು ಫಾರ್ಮ್ ತುಂಬುತ್ತಾರೆ ಅಂತ ಗೆಳತಿ ಹೇಳಿದಳು. ನೀವು ಬಹಳ ವರ್ಷ ಈ ಕೆಲಸದಲ್ಲಿದ್ದವರು. ಸೇರಬಹುದಾ? ಇದರಿಂದ ಮುಂದೆ ಏನಾದರೂ ಉಪಯೋಗ ಇದೆಯಾ?

ಉತ್ತರ: ತಂಗಿ, ಸೇರಿ. ಆದರೆ ಸೇರುವ ಮೊದಲು ಕೂಲಿಯ ಲೆಕ್ಕವನ್ನು ಬಾಯಿಬಿಟ್ಟು ಕೇಳಿ ತಿಳಿದುಕೊಳ್ಳಿ. ನಿಮ್ಮ ಗೆಳತಿ ಹೇಳಿದ ಟೀ ಅಂಗಡಿಯ ಮಾತಿಗೂ ಆ ಲೆಕ್ಕಕ್ಕೂ ಸಂಬಂಧ ಇದೆ. ಅದನ್ನು ಮುಂದೆ ಹೇಳುತ್ತೇನೆ.

ನಾನು ಚಿತ್ರದುರ್ಗದವಳು. 1997ರಲ್ಲಿ ಈ ಕೆಲಸಕ್ಕೆ ಸೇರಿದೆ, 2010ರಲ್ಲಿ ಬಿಟ್ಟೆ. ಮೊದಲ 4 ವರ್ಷ ಬಾಗಿಲು ತಟ್ಟಿದೆ. ಆಮೇಲೆ ಸೂಪರ್‌ವೈಸರ್ ಆದೆ. ಈಗ ಆರೋಗ್ಯ, ಶಾಲೆ, ಕುಡಿಯುವ ನೀರು ಇಂಥ ಸರ್ವೆಗಳಿಗೆ ಹೊರಡುವ ಹುಡುಗ ಹುಡುಗಿಯರಿಗೆ ತರಬೇತಿ ಕೊಡುತ್ತೇನೆ. ನಾನು ಸೇರಿದ ವರ್ಷದ ಆಗಸ್ಟ್‌ನಲ್ಲೇ ದಾವಣಗೆರೆ ಬೇರೆ ಜಿಲ್ಲೆ ಆಯಿತು. ನಮ್ಮ ಫಾರ್ಮ್‌ಗಳು ಅದಕ್ಕೂ ಮೊದಲೇ ಅಚ್ಚಾಗಿ ಬಂದಿದ್ದವು. ಜಿಲ್ಲೆ ಅನ್ನೋ ಕಡೆ ಚಿತ್ರದುರ್ಗ ಅಂತಲೇ ಇತ್ತು. ನಿಟುವಳ್ಳಿಯಲ್ಲಿ ಒಬ್ಬರು ಹಿರಿಯರು ಫಾರ್ಮ್ ಇಸಿದುಕೊಂಡು ನೋಡಿದರು. ‘ಇದು ತಪ್ಪೈತಿ ನೋಡವ್ವ. ನಾವೀಗ ದುರ್ಗಕ್ಕೆ ಸೇರಿದೋರಲ್ಲ’ ಅಂದರು. ಪೆನ್ನು ಕೊಟ್ಟೆ. ಅವರೇ ಗೀಟು ಹಾಕಿ ದಾವಣಗೆರೆ ಅಂತ ಬರೆದರು. ಎಲ್ಲೋ ದೂರದ ಊರಿನಲ್ಲಿ ತಯಾರಾದ ಫಾರ್ಮ್‌ಗೆ ನಮ್ಮೂರು ಪೂರ್ತಿ ಗೊತ್ತಿರುವುದಿಲ್ಲ ಅಂತ ಅವತ್ತು ಮೊದಲ ಸಲ ಅನ್ನಿಸಿತು. ಆಮೇಲೆ 13 ವರ್ಷ ಅದು ಮತ್ತೆ ಮತ್ತೆ ಅನ್ನಿಸುತ್ತಲೇ ಇತ್ತು.

ಹೊರಗಿನಿಂದ ನೋಡಿದವರಿಗೆ ಇದು ಸುಮ್ನೆ ಪ್ರಶ್ನೆ ಕೇಳಿ ಟಿಕ್ ಹಾಕುವ ಕೆಲಸ. ನಿಜವಾಗಿ ಅರ್ಧ ಕೆಲಸ ಯಾರನ್ನು ಕೇಳಬೇಕು ಅನ್ನುವುದರಲ್ಲೇ ಇದೆ. ನಿಮಗಿಷ್ಟವಾದ ಮನೆಗೆ ನೀವು ಹೋಗುವ ಹಾಗಿಲ್ಲ. ಒಂದು ಕಡೆ ಶುರು ಮಾಡು ಅಂತ ವಿಳಾಸ ಕೊಡುತ್ತಾರೆ. ನಮ್ಮ ಕಾಲದಲ್ಲಿ ಅದನ್ನು ಮತದಾರರ ಪಟ್ಟಿಯಿಂದ ಆರಿಸುತ್ತಿದ್ದರು. ಅಲ್ಲಿಂದ ಗೋಡೆ ಯಾವಾಗಲೂ ನಿಮ್ಮ ಬಲಗೈ ಕಡೆ ಇರುವ ಹಾಗೆ ನಡೆಯಬೇಕು. ಒಂದು ಮನೆ ಮುಗಿದರೆ 3 ಮನೆ ಬಿಟ್ಟು 4ನೆಯದು. ಇದಕ್ಕೆ ಬಲಗೈ ನಿಯಮ ಅನ್ನುತ್ತಾರೆ. ಎಂ.ಸಿ.ಸಿ. ಬಿ ಬ್ಲಾಕ್‌ನಂಥ ಕಡೆ ರಸ್ತೆ ಗೆರೆ ಎಳೆದ ಹಾಗಿರುತ್ತದೆ, ಅಲ್ಲಿ ಕಷ್ಟ ಇಲ್ಲ. ಚೌಕಿಪೇಟೆ ಕಡೆಯ ಹಳೇ ಓಣಿಗೆ ಬನ್ನಿ. ಒಂದೇ ಬಾಗಿಲ ಒಳಗೆ ನಾಲ್ಕು ಸಂಸಾರ. ಮೇಲೆ ಅಣ್ಣ, ಕೆಳಗೆ ತಮ್ಮ, ಹಿತ್ತಲಲ್ಲಿ ಬಾಡಿಗೆಯವರು. ಇದು ಒಂದು ಮನೆಯೋ ನಾಲ್ಕು ಮನೆಯೋ? ಒಲೆ ನೋಡಬೇಕು. ಒಂದೇ ಒಲೆಯ ಅಡುಗೆ ಉಣ್ಣುವವರು ಒಂದು ಮನೆ. ಒಲೆ ಬೇರೆ ಆದರೆ ಮನೆ ಬೇರೆ. ಅದಕ್ಕೆ ನಾನು ಮೊದಲು ಕೇಳುತ್ತಿದ್ದದ್ದು ‘ಅಡುಗೆ ಎಲ್ಲರಿಗೂ ಒಟ್ಟಿಗೇನಾ?’ ಅಂತ. ಅಣ್ಣ ತಮ್ಮಂದಿರು ಹೊಸದಾಗಿ ಬೇರೆಯಾದ ಮನೆಗಳಲ್ಲಿ ಈ ಪ್ರಶ್ನೆಗೆ ಒಂದು ಕ್ಷಣ ಎಲ್ಲರೂ ಸುಮ್ಮನಾಗುತ್ತಿದ್ದರು. ಅಲ್ಲಿ ಮೆತ್ತಗೆ ಮಾತಾಡಬೇಕು.

ಮನೆ ಸಿಕ್ಕಿತು ಅಂದುಕೊಳ್ಳಿ. ಬಾಗಿಲು ತೆಗೆದವರನ್ನೇ ಕೇಳುವ ಹಾಗೂ ಇಲ್ಲ. ಮನೆಯಲ್ಲಿರುವ ದೊಡ್ಡವರನ್ನೆಲ್ಲ ವಯಸ್ಸಿನ ಕ್ರಮದಲ್ಲಿ ಬರೆಯಬೇಕು. ಫಾರ್ಮ್‌ನಲ್ಲಿ ಒಂದು ಕೋಷ್ಟಕ ಇರುತ್ತದೆ. ಈ ಮನೆಯಲ್ಲಿ ಇಷ್ಟು ಜನ, ಈ ಫಾರ್ಮ್‌ನ ನಂಬರ್ ಇಷ್ಟು, ಹಾಗಾದರೆ ಪಟ್ಟಿಯ 3ನೆಯವರನ್ನು ಕೇಳು ಅಂತ ಅದು ಹೇಳುತ್ತದೆ. ಲೆಸ್ಲಿ ಕಿಶ್ ಅನ್ನುವ ಅಂಕಿಅಂಶ ತಜ್ಞರು 1949ರಲ್ಲಿ ಈ ವಿಧಾನ ಬರೆದು ಪ್ರಕಟಿಸಿದರು. ಅದಕ್ಕೆ ಕಿಶ್ ಗ್ರಿಡ್ ಅಂತಲೇ ಹೆಸರು. ಅವರು ಅದನ್ನು ಬರೆಯುವಾಗ ನಮ್ಮ ಅತ್ತೆಯಂದಿರನ್ನು ನೋಡಿರಲಿಲ್ಲ. ಗ್ರಿಡ್ ಸೊಸೆಯ ಹೆಸರು ಆರಿಸುತ್ತದೆ. ಅತ್ತೆ ಕುರ್ಚಿ ಎಳೆದುಕೊಂಡು ಎದುರಿಗೆ ಕೂರುತ್ತಾರೆ. ‘ಅವಳಿಗೇನ್ ಗೊತ್ತು, ನನ್ನ ಕೇಳ್ರಿ’ ಅನ್ನುತ್ತಾರೆ. ಅವರನ್ನು ಎಬ್ಬಿಸಿ ಕಳಿಸಲು ಆಗುತ್ತದಾ? ನಾನು ಒಂದು ದಾರಿ ಕಂಡುಕೊಂಡಿದ್ದೆ. ಮೊದಲು 5 ನಿಮಿಷ ಅತ್ತೆಯ ಹತ್ತಿರವೇ ಊರು, ಮಳೆ, ಮೊಮ್ಮಕ್ಕಳ ವಿಷಯ ಮಾತಾಡುತ್ತಿದ್ದೆ. ಆಮೇಲೆ ಕೋಷ್ಟಕವನ್ನೇ ತೋರಿಸಿ, ‘ಅಮ್ಮಾ, ಚೀಟಿ ಎತ್ತಿದ ಹಾಗೆ ಇದು. ಇವರ ಹೆಸರು ಬಂದಿದೆ, ನಾನು ಬದಲಾಯಿಸಿದರೆ ನನ್ನ ಕೆಲಸಕ್ಕೆ ತೊಂದರೆ’ ಅಂತ ನಿಜವನ್ನೇ ಹೇಳುತ್ತಿದ್ದೆ. ಚೀಟಿ ಅಂದರೆ ಎಲ್ಲರಿಗೂ ಅರ್ಥ ಆಗುತ್ತದೆ. ಚೀಟಿಯಲ್ಲಿ ಬಂದದ್ದಕ್ಕೆ ನಮ್ಮ ಕಡೆ ಯಾರೂ ಜಗಳ ಮಾಡುವುದಿಲ್ಲ.

ಇಷ್ಟು ಕಷ್ಟ ಯಾಕೆ ಅಂದರೆ, ಬೆಳಿಗ್ಗೆ 11 ಗಂಟೆಗೆ ಸುಲಭವಾಗಿ ಸಿಗುವವರನ್ನೇ ಕೇಳುತ್ತಾ ಹೋದರೆ ಊರೆಲ್ಲ ಮನೆಯಲ್ಲಿ ಕೂತವರೇ ಅನ್ನುವ ಲೆಕ್ಕ ಬರುತ್ತದೆ. ಕೆಲಸಕ್ಕೆ ಹೋದವರು, ಅಂಗಡಿಯಲ್ಲಿರುವವರು, ಹೊಲಕ್ಕೆ ಹೋದವರು ಲೆಕ್ಕದಿಂದಲೇ ಜಾರಿಹೋಗುತ್ತಾರೆ. ಬೀಗ ಹಾಕಿದ ಮನೆಗೆ ಬೇರೆ ಬೇರೆ ಹೊತ್ತಿನಲ್ಲಿ ಮತ್ತೆ ಹೋಗಬೇಕು. ಇದು ಕಾಲು ನೋಯುವ ಕೆಲಸ, ನಿಮಗೆ ಸುಳ್ಳು ಹೇಳುವುದಿಲ್ಲ.

ಮನೆಯವರು ಬಡವರೋ ಸ್ಥಿತಿವಂತರೋ ಅಂತ ತಿಳಿಯಲೂ ಒಂದು ವಿಧಾನ ಇದೆ. ಸಂಬಳ ಎಷ್ಟು ಅಂತ ಕೇಳಿದರೆ ಯಾರೂ ಸರಿಯಾಗಿ ಹೇಳುವುದಿಲ್ಲ. ಅದಕ್ಕೆ ನಮ್ಮ ಕಾಲದಲ್ಲಿ ಪೇಟೆಯ ಮನೆಗೆ ಎರಡೇ ಪ್ರಶ್ನೆ ಇತ್ತು. ಮನೆ ಖರ್ಚಿಗೆ ಹೆಚ್ಚು ದುಡ್ಡು ಕೊಡುವವರು ಎಷ್ಟು ಓದಿದ್ದಾರೆ, ಏನು ಕೆಲಸ ಮಾಡುತ್ತಾರೆ. ಇದರಿಂದ ಮೇಲಿನ ಎ1ರಿಂದ ಕೆಳಗಿನ ಇ2ವರೆಗೆ ಒಂದು ದರ್ಜೆ. ಹಳ್ಳಿಯಲ್ಲಿ ಓದಿನ ಜೊತೆ ಮನೆ ಎಂಥದ್ದು ಅಂತ ನೋಡುತ್ತಿದ್ದೆವು. ಕೇಳೋಕೆ ಸಲೀಸು. ದಾವಣಗೆರೆಯಲ್ಲಿ ಮಾತ್ರ ಈ ಪ್ರಶ್ನೆ ನನ್ನನ್ನು ಬಹಳ ಸಲ ನೋಯಿಸಿದೆ. ಹತ್ತಿ ಗಿರಣಿಗಳ ಊರು ಇದು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು ಪಡೆದ ಊರು. ನಾನು ಓಡಾಡುವ ಹೊತ್ತಿಗೆ ಮಿಲ್‌ಗಳು ಒಂದೊಂದಾಗಿ ನಿಂತಿದ್ದವು. 55 ವರ್ಷದ ಒಬ್ಬರು ಎದುರಿಗೆ ಕೂತಿದ್ದರು. ‘ಮನೆ ಯಜಮಾನ ನಾನೇ, ಮಿಲ್ಲಲ್ಲಿದ್ದೆ’ ಅಂದರು. ‘ಈಗ ಮನೆ ಖರ್ಚಿಗೆ ಹೆಚ್ಚು ಕೊಡೋದು ಯಾರು?’ ಅಂತ ನಾನು ಕೇಳಲೇಬೇಕಿತ್ತು. ಅವರು ಮಗನ ಕಡೆ ನೋಡಿದರು. ಮಗ ಆಟೋ ಓಡಿಸುತ್ತಿದ್ದ. ಅವನು ‘ಅಪ್ಪಂದೇ ಬರ್ಕೊಳ್ರಿ’ ಅಂದ. ನಾನು ಏನು ಬರೆಯಬೇಕು? ನಿಯಮದ ಪ್ರಕಾರ ಮಗನದ್ದೇ ಬರೆಯಬೇಕು, ಬರೆದೆ. ಆದರೆ ಅಲ್ಲೇ ಬರೆಯಲಿಲ್ಲ. ಓಣಿ ತಿರುವಿಗೆ ಬಂದ ಮೇಲೆ ಆ ಒಂದು ಕೋಡ್, ಅಂದರೆ ಉತ್ತರದ ಸಂಖ್ಯೆ, ಹಾಕಿದೆ.

2011ರಲ್ಲಿ ಈ ವಿಧಾನ ಬದಲಾಯಿತು. ಪೇಟೆ, ಹಳ್ಳಿ ಎರಡಕ್ಕೂ ಒಂದೇ ಪಟ್ಟಿ ಬಂತು. ಓದಿನ ಜೊತೆಗೆ, 11 ವಸ್ತುಗಳಲ್ಲಿ ಮನೆಯಲ್ಲಿ ಎಷ್ಟಿವೆ ಅಂತ ಎಣಿಸುವುದು. ಕರೆಂಟ್, ಫ್ಯಾನ್, ಗ್ಯಾಸ್ ಒಲೆ, ಬೈಕ್, ಟಿವಿ, ಫ್ರಿಜ್, ವಾಷಿಂಗ್ ಮಷೀನ್, ಕಂಪ್ಯೂಟರ್, ಕಾರು, ಎ.ಸಿ., ಕೃಷಿ ಭೂಮಿ. ಆ ಪಟ್ಟಿಯಲ್ಲಿ ಕೆಲಸದ ವಿಷಯ ಎತ್ತಬೇಕಾಗಿರಲಿಲ್ಲ, ಅದು ಒಳ್ಳೆಯದೇ. ಜಗಳೂರು ಕಡೆ ಮಳೆ ಕೈಕೊಟ್ಟ ವರ್ಷ ಒಂದು ಗುಡಿಸಲ ಮುಂದೆ ನಿಂತು ‘ಎ.ಸಿ. ಇದೆಯಾ, ಕಾರು ಇದೆಯಾ’ ಅಂತ ಕೇಳುವುದೂ ಒಂದು ಹಿಂಸೆ. ನನ್ನ ಹತ್ತಿರ ತರಬೇತಿಗೆ ಬರುವವರಿಗೆ ನಾನು ಹೇಳುವುದು ಇಷ್ಟು. ‘ಪಟ್ಟಿಯಲ್ಲಿ 11 ಇವೆ, ಎಲ್ಲರ ಮನೆಯಲ್ಲೂ ಎಲ್ಲವನ್ನೂ ಓದಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ’ ಅಂತ ಮೊದಲೇ ಹೇಳಿ. ಆಮೇಲೆ ಬೇಗ ಓದಿ. ದನಿಯಲ್ಲಿ ಅಯ್ಯೋ ಅನ್ನುವ ಭಾವ ಬರಬಾರದು. ‘ಇಲ್ಲ ಅಲ್ವಾ?’ ಅಂತ ನಾವೇ ಉತ್ತರ ಹೇಳಿಕೊಡಲೂಬಾರದು. ಹೊಲ ಇರುವ ಮನೆಯವರಿಗೆ ಕೊನೆಯ ಪ್ರಶ್ನೆಗಾದರೂ ‘ಐತಿ’ ಅನ್ನಲು ಸಿಗುತ್ತದೆ.

ಉತ್ತರವನ್ನು ಬಾಯಿಗೆ ತುರುಕಬಾರದು. ಈ ಕೆಲಸದಲ್ಲಿ ಕಲಿಯಬೇಕಾದ ವಿದ್ಯೆ ಅಂತ ಇದ್ದರೆ ಇದೊಂದೇ. ಕೇಳಿ, ಬಾಯಿ ಮುಚ್ಚಿಕೊಂಡು ಕಾಯಬೇಕು. ನನಗೆ ಇದು ಕೈಗೂಡಲು ಎರಡು ವರ್ಷ ಹಿಡಿಯಿತು. ಒಂದು ಉದಾಹರಣೆ ಹೇಳುತ್ತೇನೆ. ಟೀ ಪುಡಿ ಹೇಗಿತ್ತು ಅಂತ ಕೇಳುತ್ತೇವೆ. ಶೋ ಕಾರ್ಡ್‌ನಲ್ಲಿ 5 ಉತ್ತರ ಇರುತ್ತವೆ. ತುಂಬಾ ಚೆನ್ನಾಗಿತ್ತು ಅನ್ನುವುದಕ್ಕೆ 5, ಸ್ವಲ್ಪವೂ ಚೆನ್ನಾಗಿರಲಿಲ್ಲ ಅನ್ನುವುದಕ್ಕೆ 1. ನಮ್ಮ ಜನ ಈ ಐದರಲ್ಲಿ ಯಾವುದನ್ನೂ ಹೇಳುವುದಿಲ್ಲ. ‘ಅಡ್ಡಿಯಿಲ್ಲ’ ಅನ್ನುತ್ತಾರೆ. ಈ ಅಡ್ಡಿಯಿಲ್ಲಕ್ಕೆ ಯಾವ ಕೋಡ್? ನಗುತ್ತಾ, ತಲೆ ಆಡಿಸುತ್ತಾ ಹೇಳಿದರೆ ಅದು 4. ಲೋಟ ಪಕ್ಕಕ್ಕೆ ಸರಿಸಿ ಹೇಳಿದರೆ 3, ಕೆಲವು ಸಲ 2 ಕೂಡ. ಹೊಸಬರು ತಮಗೆ ತೋಚಿದ್ದನ್ನು ಹಾಕಿ ಮುಂದೆ ಹೋಗುತ್ತಾರೆ. ಹಾಗೆ ಮಾಡಿದರೆ ಅಲ್ಲಿ ನಿಮ್ಮ ಅಭಿಪ್ರಾಯ ದಾಖಲಾಯಿತು, ಅವರದ್ದಲ್ಲ. ಕಾರ್ಡ್ ಮತ್ತೆ ತೋರಿಸಿ ‘ಅಡ್ಡಿಯಿಲ್ಲ ಅಂದ್ರಲ್ಲ, ಅದು ಇದರಲ್ಲಿ ಯಾವುದಕ್ಕೆ ಹತ್ತಿರ?’ ಅಂತ ಕೇಳಬೇಕು. ಓದಲು ಬಾರದವರಿಗೆ ನಾವು 5 ಮೆಟ್ಟಿಲ ಚಿತ್ರ ತೋರಿಸುತ್ತಿದ್ದೆವು. ಎಷ್ಟನೇ ಮೆಟ್ಟಿಲು ಅಂತ ಬೆರಳಿಟ್ಟು ಹೇಳುತ್ತಿದ್ದರು. ಅದು ನಾನು ನೋಡಿದ ಒಳ್ಳೆಯ ಉಪಾಯಗಳಲ್ಲಿ ಒಂದು.

ಟೀ ಪುಡಿಯ ಮಾತು ಬಂತಲ್ಲ, ಅದನ್ನು ಮನೆಗೆ ಕೊಡುವ ರೀತಿಯೂ ನಿಮಗೆ ಗೊತ್ತಿರಲಿ. ಎರಡು ಪೊಟ್ಟಣ, ಹೆಸರಿಲ್ಲದ ಬಿಳಿ ಚೀಲ. ಮೇಲೆ 372, 618 ಅಂತ ಏನೋ ಸಂಖ್ಯೆ. 1 ಮತ್ತು 2 ಅಂತ ಬರೆದರೆ 1ನೆಯದೇ ಒಳ್ಳೆಯದು ಅಂತ ಜನ ಅಂದುಕೊಳ್ಳುತ್ತಾರೆ, ಅದಕ್ಕೆ. ಅರ್ಧ ಮನೆಗಳಿಗೆ ಒಂದನ್ನು ಮೊದಲು, ಇನ್ನರ್ಧಕ್ಕೆ ಇನ್ನೊಂದನ್ನು ಮೊದಲು ಕೊಡಬೇಕು. ವಾರ ಬಿಟ್ಟು ಹೋಗಿ ಕೇಳಿದರೆ ಎಲ್ಲರೂ ‘ಎರಡೂ ಚಲೋ ಇದ್ವು, ಅಂಗಡಿಗೆ ಬಂದ್ರೆ ತಗೋತೀವಿ’ ಅನ್ನುತ್ತಾರೆ. ಮನೆಗೆ ಬಂದವರಿಗೆ ಇಲ್ಲ ಅನ್ನಬಾರದು ಅನ್ನುವ ಗುಣ ನಮ್ಮದು. ನಾನು ಬಾಯಿಯ ಮಾತಿನ ಜೊತೆ ಡಬ್ಬಿಯನ್ನೂ ನೋಡುತ್ತಿದ್ದೆ. ಯಾವ ಪೊಟ್ಟಣ ಖಾಲಿಯಾಗಿದೆ, ಯಾವುದು ಅರ್ಧ ಉಳಿದಿದೆ?

ಅಂಗಡಿಗಳಲ್ಲೂ ಸರ್ವೆ ಇರುತ್ತದೆ. ಕಿರಾಣಿ ಅಂಗಡಿಯ ಲೆಕ್ಕ ಇದಕ್ಕಿಂತ ಸುಲಭ. ಹೋದ ತಿಂಗಳ ಸರಕಿಗೆ ಈ ತಿಂಗಳು ತಂದದ್ದನ್ನು ಕೂಡಿಸಿ, ಈಗ ಉಳಿದದ್ದನ್ನು ಕಳೆದರೆ ಮಾರಿದ್ದೆಷ್ಟು ಅಂತ ಬರುತ್ತದೆ. ಬಿ.ಕಾಂ ಓದಿದ ನಿಮಗೆ ಇದು ನೀರು ಕುಡಿದ ಹಾಗೆ. ವಿಕ್ರಂ ಸಾರಾಭಾಯಿ ಅಂದರೆ ನಮಗೆಲ್ಲ ರಾಕೆಟ್ ನೆನಪಾಗುತ್ತದೆ. 1960ರಲ್ಲಿ ಬರೋಡದಲ್ಲಿ ಆಪರೇಷನ್ಸ್ ರಿಸರ್ಚ್ ಗ್ರೂಪ್ ಅನ್ನುವ ಸಂಸ್ಥೆ ಕಟ್ಟಿ, ಈ ದೇಶದಲ್ಲಿ ಮಾರುಕಟ್ಟೆ ಸಮೀಕ್ಷೆಗೆ ಬುನಾದಿ ಹಾಕಿದವರಲ್ಲಿ ಅವರೂ ಒಬ್ಬರು. ನಿಮ್ಮ ಅಪ್ಪನಿಗೆ ಇದನ್ನು ಹೇಳಿ.

ಈಗ ಎಣ್ಣೆಯ ವಿಷಯ. ನನಗೆ ಇವತ್ತಿಗೂ ಕಾಡುವುದು ಇದು. ಚಳ್ಳಕೆರೆಯನ್ನು ಎಣ್ಣೆ ನಗರ ಅಂತಲೇ ಕರೆಯುತ್ತಾರೆ. ಸುತ್ತ ಶೇಂಗಾ ಬೆಳೆ, ಊರ ತುಂಬ ಎಣ್ಣೆ ಮಿಲ್. ಅಲ್ಲಿ ಅಡುಗೆ ಎಣ್ಣೆಯ ಸರ್ವೆ ಇತ್ತು. ‘ಯಾವ ಬ್ರಾಂಡ್ ಎಣ್ಣೆ ಬಳಸುತ್ತೀರಿ?’ ಅಂತ ಪ್ರಶ್ನೆ. 14 ಬ್ರಾಂಡ್‌ಗಳ ಹೆಸರು, ಕೊನೆಗೆ ‘ಇತರೆ’. ಒಬ್ಬ ತಾಯಿ ಹೇಳಿದರು, ‘ಬ್ರಾಂಡ್ ಎಂಥದ್ದಮ್ಮ, ಮಿಲ್ಲಿಂದ ಕ್ಯಾನ್‌ನಲ್ಲಿ ತರ್ತೀವಿ’ ಅಂತ. ಇನ್ನೊಬ್ಬರು ಗಾಣದ್ದು ಅಂದರು. ಮತ್ತೊಬ್ಬರು ನಮ್ಮ ಶೇಂಗಾ ಕೊಟ್ಟು ಆಡಿಸಿಕೊಂಡು ಬರುತ್ತೇವೆ ಅಂದರು. ಎಲ್ಲಕ್ಕೂ ಒಂದೇ ಕೋಡ್, ಇತರೆ. ಸಂಜೆ ಎಣಿಸಿದರೆ ನನ್ನ ಫಾರ್ಮ್‌ಗಳಲ್ಲಿ ಹೆಚ್ಚಿನವು ಇತರೆಯೇ. ಆ 14 ಹೆಸರಿಗೆ ಬಂದ ಉತ್ತರ ಕೈಬೆರಳಲ್ಲಿ ಎಣಿಸುವಷ್ಟು. ಆಫೀಸಿನಲ್ಲಿ ಮೊದಲು ಕೇಳಿದ್ದು ‘ನೀವು ಸರಿಯಾಗಿ ಹೆಸರು ಓದಿ ಹೇಳಲಿಲ್ವಾ?’ ಅಂತ. ಓದಿ ಹೇಳಿದ್ದೆ. ಅಂಚಿನಲ್ಲಿ ಅವರ ಮಾತನ್ನೂ ಹಾಗೇ ಬರೆದಿದ್ದೆ. ಆ ಅಂಚಿನ ಬರಹವೇ ನನ್ನನ್ನು ಉಳಿಸಿತು. ಮುಂದಿನ ಸಲದ ಫಾರ್ಮ್‌ನಲ್ಲಿ ಬಿಡಿ ಎಣ್ಣೆ, ಗಾಣದ ಎಣ್ಣೆ, ಸ್ವಂತ ಕಾಳು ಕೊಟ್ಟು ಆಡಿಸಿದ್ದು ಅಂತ ಮೂರು ಹೊಸ ಸಾಲು ಬಂದವು. ನನ್ನ 13 ವರ್ಷದಲ್ಲಿ ನನಗೆ ಅತಿ ಖುಷಿ ಕೊಟ್ಟದ್ದು ಆ ಮೂರು ಸಾಲು. ತಂಗಿ, ಫಾರ್ಮ್‌ನಲ್ಲಿ ಜಾಗ ಇಲ್ಲದ ಉತ್ತರ ಬಂದರೆ ಅಂಚಿನಲ್ಲಿ ಬರೆಯಿರಿ. ಟ್ಯಾಬ್‌ನಲ್ಲಿ ಅಂಚು ಇರುವುದಿಲ್ಲ. ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ.

ಇನ್ನು ಟೀ ಅಂಗಡಿಯ ಮಾತು. ನಿಮ್ಮ ಗೆಳತಿ ಹೇಳಿದ್ದು ಸುಳ್ಳಲ್ಲ. ನಾನೂ ಒಂದು ಸಲ ಆ ತಪ್ಪು ಮಾಡಿದ್ದೇನೆ.

ಸೇರಿದ ಎರಡನೇ ವರ್ಷ. ದಾವಣಗೆರೆಯ ಕೆ.ಟಿ.ಜೆ. ನಗರದಲ್ಲಿ ಕೆಲಸ. ಒಂದು ಫಾರ್ಮ್‌ಗೆ 50 ನಿಮಿಷ ಹಿಡಿಯುತ್ತಿತ್ತು. ದಿನಕ್ಕೆ 6 ಮುಗಿಸಬೇಕಿತ್ತು. ಕತ್ತಲಾಗಿತ್ತು. ನನಗೆ ದುರ್ಗದ ಬಸ್ ಹಿಡಿಯಬೇಕಿತ್ತು. ಆರನೇ ಮನೆಯ ಅಕ್ಕ ಒಲೆಯ ಮುಂದೆ ಎದ್ದು ಕೂತು ಮಾಡುತ್ತಲೇ ಉತ್ತರ ಕೊಡುತ್ತಿದ್ದರು. ಕೊನೆಯ 6 ಪ್ರಶ್ನೆ ಉಳಿದಿದ್ದವು. ಅಷ್ಟು ಹೊತ್ತಿಗೆ ಅವರ ಯಜಮಾನರು ಬಂದರು. ನಾನು ‘ಆಯ್ತಕ್ಕ, ಮುಗೀತು’ ಅಂದುಬಿಟ್ಟೆ. ಬಸ್‌ಸ್ಟ್ಯಾಂಡಿನ ದೀಪದ ಕೆಳಗೆ ಕೂತು ಆ 6ನ್ನು ನಾನೇ ತುಂಬಿದೆ. ಅಷ್ಟು ಹೊತ್ತು ಮಾತಾಡಿದ್ದೇನೆ, ಅವರು ಏನು ಹೇಳುತ್ತಾರೆ ಅಂತ ನನಗೆ ಗೊತ್ತು ಅನ್ನುವ ಧೈರ್ಯ.

ಪ್ರತಿಯೊಬ್ಬರ ಫಾರ್ಮ್‌ಗಳಲ್ಲಿ ಕೆಲವನ್ನು ಆರಿಸಿ ಸೂಪರ್‌ವೈಸರ್ ಮತ್ತೆ ಆ ಮನೆಗೆ ಹೋಗುತ್ತಾರೆ. ಇದಕ್ಕೆ ಬ್ಯಾಕ್ ಚೆಕ್ ಅನ್ನುತ್ತೇವೆ. ಮಾರನೇ ದಿನ ಅವರ ಕೈಗೆ ಸಿಕ್ಕಿದ್ದು ಅದೇ ಫಾರ್ಮ್. ‘ಆ ಪ್ರಶ್ನೆ ನನ್ನ ಕೇಳಲೇ ಇಲ್ಲ’ ಅಂದರಂತೆ ಆ ಅಕ್ಕ. ಸೂಪರ್‌ವೈಸರ್ ನನ್ನನ್ನು ಬೈಯಲಿಲ್ಲ. ಜೊತೆಯಲ್ಲಿ ಮತ್ತೆ ಆ ಮನೆಗೆ ಕರೆದುಕೊಂಡು ಹೋದರು. ‘ಅವರ ಹತ್ತಿರ ಕ್ಷಮೆ ಕೇಳಿ, ಆ ಆರನ್ನೂ ಈಗ ಕೇಳು’ ಅಂದರು. ಕೇಳಿದೆ. ನಾನು ತುಂಬಿದ ಆರರಲ್ಲಿ ನಾಲ್ಕು ತಪ್ಪು. ಒಂದು ನನಗೆ ಈಗಲೂ ನೆನಪಿದೆ. ಮನೆಗೆ ದೊಡ್ಡ ಸಾಮಾನು ತರುವಾಗ ಯಾರು ತೀರ್ಮಾನ ಮಾಡುತ್ತೀರಿ ಅಂತ ಪ್ರಶ್ನೆ. ನಾನು ಯಜಮಾನರು ಅಂತ ಹಾಕಿದ್ದೆ. ಅವರು ‘ನಾನೇ. ಚೀಟಿ ಹಾಕಿ ದುಡ್ಡು ಕೂಡಿಸೋದು ನಾನು, ಅವರು ಬಂದು ಎತ್ತಿಕೊಂಡು ಬರ್ತಾರೆ ಅಷ್ಟೆ’ ಅಂದರು. ಒಂದು ಗಂಟೆ ಎದುರಿಗೆ ಕೂತಿದ್ದೆ. ಅವರು ಯಾರು ಅಂತಲೇ ನನಗೆ ಗೊತ್ತಾಗಿರಲಿಲ್ಲ.

ಒಂದು ಫಾರ್ಮ್‌ನ 6 ಪ್ರಶ್ನೆ ಏನು ಮಹಾ ಅಂತ ನಿಮಗೆ ಅನ್ನಿಸಬಹುದು. ಎ.ಪಿ.ಎಂ.ಸಿ.ಗೆ ಮೆಕ್ಕೆಜೋಳ ಬಂದಾಗ ವ್ಯಾಪಾರಿ ಏನು ಮಾಡುತ್ತಾರೆ, ನೋಡಿದ್ದೀರಲ್ಲ? ಚೀಲವನ್ನೆಲ್ಲ ಸುರಿಯುವುದಿಲ್ಲ. ಚೂಪು ಕೊಳವೆ ಚುಚ್ಚಿ ಒಂದು ಹಿಡಿ ಕಾಳು ತೆಗೆಯುತ್ತಾರೆ. ಮೇಲೆ, ನಡುವೆ, ಕೆಳಗೆ. ಆ ಹಿಡಿ ಕಾಳಿನ ಮೇಲೆ ಇಡೀ ಲೋಡಿಗೆ ಬೆಲೆ ಕಟ್ಟುತ್ತಾರೆ. ಸ್ಯಾಂಪಲ್ ಅಂದರೆ ಅದೇ. ಸರಿಯಾಗಿ ಚೀಟಿ ಎತ್ತಿದ ಹಾಗೆ 400 ಜನರನ್ನು ಕೇಳಿದರೆ, ಬರುವ ಲೆಕ್ಕ ನಿಜಕ್ಕಿಂತ ಹೆಚ್ಚು ಕಡಿಮೆ ಶೇಕಡಾ 5ರ ಒಳಗೆ ಇರುತ್ತದೆ. ನೂರು ಸಲ ಹೀಗೆ ಮಾಡಿದರೆ 95 ಸಲ. ಊರಿನಲ್ಲಿ ನಾಲ್ಕು ಲಕ್ಷ ಜನ ಇರಲಿ, ನಲವತ್ತು ಲಕ್ಷ ಇರಲಿ, ಅದರಿಂದ ಹೆಚ್ಚು ವ್ಯತ್ಯಾಸ ಆಗುವುದಿಲ್ಲ. ಆ 5ನ್ನು ಎರಡೂವರೆಗೆ ಇಳಿಸಬೇಕಾದರೆ 800 ಸಾಲದು, 1600 ಬೇಕು. ಆದರೆ ಈ ಲೆಕ್ಕವೆಲ್ಲ ಕಾಳು ಚೀಲದ್ದೇ ಆಗಿದ್ದರೆ ಮಾತ್ರ. ತೆಗೆದವರು ಜೇಬಿನಿಂದ ನಾಲ್ಕು ಕಾಳು ಬೆರೆಸಿದರೆ ಆ ತಪ್ಪನ್ನು ಯಾವ ಸೂತ್ರವೂ ಹಿಡಿಯುವುದಿಲ್ಲ. ದೊಡ್ಡ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತವರು ಎಷ್ಟೇ ಓದಿದ್ದರೂ, ಕೆ.ಟಿ.ಜೆ. ನಗರದ ಆ ಅಕ್ಕ ಏನು ಹೇಳಿದರು ಅಂತ ಅವರಿಗೆ ತಿಳಿಯುವುದು ನಿಮ್ಮೊಬ್ಬರಿಂದಲೇ.

ಇದು ಹೊಸ ರೋಗವೂ ಅಲ್ಲ. ನಮ್ಮ ದೇಶದ ಸರ್ವೆಗಳಿಗೆ ದಾರಿ ಹಾಕಿದ ಪ್ರಶಾಂತ ಚಂದ್ರ ಮಹಲನೋಬಿಸ್ 1930ರ ದಶಕದಲ್ಲೇ ಬಂಗಾಳದ ಸೆಣಬಿನ ಬೆಳೆ ಅಳೆಯುವಾಗ ಇದರ ಬಗ್ಗೆ ತಲೆ ಕೆಡಿಸಿಕೊಂಡಿದ್ದರು. ಒಂದೇ ಪ್ರದೇಶಕ್ಕೆ ಎರಡು ತಂಡಗಳನ್ನು ಬೇರೆ ಬೇರೆಯಾಗಿ ಕಳಿಸುವುದು, ಎರಡರ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡುವುದು. ಇದು ಅವರು ಕಂಡುಕೊಂಡ ದಾರಿ. 1950ರಲ್ಲಿ ಶುರುವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಗೂ ಅದು ಬಂತು. ಸೂಪರ್‌ವೈಸರ್ ಆದ ಮೇಲೆ ನಾನು ಕೈಬರಹದ ಫಾರ್ಮ್ ನೋಡಿಯೇ ಹೇಳುತ್ತಿದ್ದೆ. ಸುಳ್ಳು ಫಾರ್ಮ್ ಬಹಳ ಚೊಕ್ಕವಾಗಿರುತ್ತದೆ. ಅದರಲ್ಲಿ ‘ಗೊತ್ತಿಲ್ಲ’ ಇರುವುದಿಲ್ಲ, ಹೊಡೆದು ತಿದ್ದಿದ ಗುರುತು ಇರುವುದಿಲ್ಲ. ಮನುಷ್ಯರು ಹಾಗೆ ಮಾತಾಡುವುದಿಲ್ಲ.

ಆದರೆ ಸಿಕ್ಕಿಬಿದ್ದವರನ್ನೆಲ್ಲ ಕೆಟ್ಟವರು ಅಂತ ನಾನು ಒಪ್ಪುವುದಿಲ್ಲ. 50 ನಿಮಿಷದ ಫಾರ್ಮ್, 6 ಮನೆ ಅಂದರೆ ಕೂತು ಮಾತಾಡಲಿಕ್ಕೇ 5 ಗಂಟೆ ಬೇಕು. ನಡೆಯುವುದು, ಬೀಗ ಹಾಕಿದ ಮನೆ, ಬೇಡ ಅಂದ ಮನೆ, ಮಧ್ಯಾಹ್ನ ಮಂಡಕ್ಕಿ ತಿನ್ನುವ ಹೊತ್ತು ಎಲ್ಲ ಸೇರಿದರೆ 10 ಗಂಟೆ ದಾಟುತ್ತದೆ. ಟೀ ಪುಡಿಯ ಸರ್ವೆಗೆ ಆ ವ್ಯಾಪಾರದ ನಂಟಿರುವವರನ್ನು ಕೇಳುವ ಹಾಗಿಲ್ಲ. ಮನೆಗೆ ಹೋಗಿ ಕೂತು, ಅರ್ಧದಲ್ಲಿ ಅವರ ಭಾವಮೈದುನನ ಟೀ ಪುಡಿ ಅಂಗಡಿ ಇದೆ ಅಂತ ಗೊತ್ತಾದರೆ ಆ ಫಾರ್ಮ್ ಅಲ್ಲಿಗೇ ನಿಲ್ಲಿಸಬೇಕು. ಅದಕ್ಕೆ ದುಡ್ಡಿಲ್ಲ. ತುಂಬಿದ ಫಾರ್ಮ್‌ಗೆ ಮಾತ್ರ ಕೂಲಿ ಅಂದರೆ, ನಿಯಮ ಪಾಲಿಸಿದವರಿಗೆ ನಷ್ಟ, ಟೀ ಅಂಗಡಿಯಲ್ಲಿ ಕೂತವರಿಗೆ ಲಾಭ. ಈ ಪದ್ಧತಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ನಾನು ಕೆಲಸ ಬಿಟ್ಟಿದ್ದಕ್ಕೂ ಇದೇ ಕಾರಣ. ದಿನಗೂಲಿ ಕೊಡಿ, ಫಾರ್ಮ್ ಲೆಕ್ಕ ಬೇಡ ಅಂತ ಮೂರು ವರ್ಷ ಕೇಳಿದೆ. ಆಗಲಿಲ್ಲ.

ಅದಕ್ಕೆ ನೀವು ಸೇರುವ ಮೊದಲೇ ಕೇಳಿ. ಒಂದು ಫಾರ್ಮ್‌ಗೆ ಎಷ್ಟು ನಿಮಿಷ, ದಿನಕ್ಕೆ ಎಷ್ಟು ಫಾರ್ಮ್? ಅರ್ಧದಲ್ಲಿ ನಿಲ್ಲಿಸಬೇಕಾದ ಮನೆಗೆ ಏನಾದರೂ ಕೊಡುತ್ತೀರಾ? ಬಸ್ ಚಾರ್ಜು ಬೇರೆಯಾ, ಕೂಲಿಯಲ್ಲೇ ಸೇರಿದೆಯಾ? ತರಬೇತಿಯ ದಿನಕ್ಕೆ ಸಂಬಳ ಇದೆಯಾ? ಗುರುತಿನ ಚೀಟಿ, ಕಂಪನಿಯ ಪತ್ರ ಕೊಡುತ್ತೀರಾ? ಹೊಸ ಬಡಾವಣೆಗೆ ಇಬ್ಬರನ್ನು ಜೊತೆಯಾಗಿ ಕಳಿಸುತ್ತೀರಾ? ಉತ್ತರ ಕೊಡಲು ತಡಬಡಿಸಿದರೆ ಅಲ್ಲಿ ಬೇಡ. ಕೆಲಸಕ್ಕೆ ಮೊದಲು ಡಿಪಾಸಿಟ್ ಕಟ್ಟಿ ಅಂದರೆ ಅದು ಮೋಸ, ಎದ್ದು ಬನ್ನಿ. ಫೋನಿನಲ್ಲಿ ಮನೆಯಲ್ಲೇ ಕೂತು ಸರ್ವೆ ತುಂಬಿ, ಸಾವಿರಾರು ಗಳಿಸಿ ಅಂತ ಮೊದಲು ಹಣ ಕೇಳುವವರೂ ಅದೇ ಜಾತಿಯವರು.

ಇನ್ನೊಂದು. ಕೊನೆಯಲ್ಲಿ ಏನಾದರೂ ಮಾರಿ ಬಾ ಅಂದರೆ ಅದು ಸರ್ವೆ ಅಲ್ಲ. ಸರ್ವೆ ಅಂತ ಹೇಳಿ ಒಳಗೆ ಹೋಗಿ ಸಾಮಾನು ಮಾರುವುದನ್ನು ಈ ವೃತ್ತಿಯ ನಿಯಮಗಳು ಒಪ್ಪುವುದೇ ಇಲ್ಲ. ಮಕ್ಕಳನ್ನು ಕೇಳುವುದಾದರೆ ತಂದೆ ತಾಯಿಯ ಒಪ್ಪಿಗೆ ಬೇಕು. ಹೆಸರು, ಫೋನ್ ನಂಬರ್ ಬರೆದುಕೊಳ್ಳುವುದು ಬ್ಯಾಕ್ ಚೆಕ್‌ಗೆ ಮಾತ್ರ. ಅದನ್ನು ಯಾಕೆ ಬರೆಯುತ್ತಿದ್ದೀರಿ ಅಂತ ಹೇಳಿ, ಒಪ್ಪಿಗೆ ಪಡೆಯಿರಿ. 2023ರಲ್ಲಿ ಇದಕ್ಕೆ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂದಿದೆ. ಆಧಾರ್ ನಂಬರ್ ಕೇಳು ಅಂದರೆ ಕೇಳಬೇಡಿ. ಟೀ ಪುಡಿಗೂ ಆಧಾರ್‌ಗೂ ಏನು ಸಂಬಂಧ?

ಮುಂದೆ ಉಪಯೋಗ ಇದೆಯಾ ಅಂದಿರಿ. ಈಗ ಕಾಗದ ಹೋಗಿ ಟ್ಯಾಬ್ ಬಂದಿದೆ. ನೀವು ಎಲ್ಲಿ ನಿಂತಿದ್ದೀರಿ ಅಂತ ಜಿ.ಪಿ.ಎಸ್. ಹೇಳುತ್ತದೆ. ಮಾತನ್ನು ನಡುನಡುವೆ ರೆಕಾರ್ಡ್ ಮಾಡುತ್ತಾರೆ. ಮನೆಯವರಿಗೆ ಅದನ್ನು ಮೊದಲೇ ಹೇಳಬೇಕು, ಮರೆಯಬೇಡಿ. ಪೇಟೆಯ ಹುಡುಗರ ಸರ್ವೆ ಬಹಳಷ್ಟು ಫೋನಿಗೇ ಹೋಗಿದೆ. ಆದರೆ ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವ ಮನೆಯ ಅಜ್ಜಿ ಫೋನಿನಲ್ಲಿ ಬಂದ ಲಿಂಕ್ ಒತ್ತಿ 50 ಪ್ರಶ್ನೆಗೆ ಉತ್ತರ ಕೊಡುತ್ತಾರಾ? ಅಲ್ಲಿಗೆ ಇನ್ನೂ ಯಾರಾದರೂ ಹೋಗಲೇಬೇಕು. ಒಂದೆರಡು ವರ್ಷ ಚೆನ್ನಾಗಿ ಮಾಡಿದರೆ ಸೂಪರ್‌ವೈಸರ್ ಆಗಬಹುದು. ಅದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂಥ ದೊಡ್ಡ ಸರ್ವೆಗಳು 1992-93ರಿಂದ ನಡೆಯುತ್ತಿವೆ. ಹೆಂಗಸರ ಆರೋಗ್ಯದ ಪ್ರಶ್ನೆ ಕೇಳಲು ಅಲ್ಲಿ ಹೆಂಗಸರೇ ಬೇಕು. ಒಬ್ಬ ತಾಯಿ ಕಳೆದುಕೊಂಡ ಮಗುವಿನ ಬಗ್ಗೆ ಹೇಳುವಾಗ ಎದುರಿಗೆ ಕೂತು ಸುಮ್ಮನೆ ಕಾಯುವುದು ಯಾರಿಗೂ ಒಂದು ದಿನದಲ್ಲಿ ಬರುವುದಿಲ್ಲ. ನಾನು ಅದನ್ನು ಕಲಿತದ್ದು ಟೀ ಪುಡಿ, ಬಟ್ಟೆ ಸೋಪು ಕೇಳುತ್ತಾ ಕೇಳುತ್ತಾ.

ಅಪ್ಪನ ಹೆದರಿಕೆ ತಪ್ಪಲ್ಲ. ಮಗಳು ಗೊತ್ತಿಲ್ಲದ ಮನೆಗೆ ಹೋಗುತ್ತಾಳೆ ಅಂದರೆ ಯಾವ ಅಪ್ಪನಿಗೂ ಕಷ್ಟ. ದಿನಾ ಯಾವ ಬಡಾವಣೆ ಅಂತ ಮನೆಯಲ್ಲಿ ಹೇಳಿ ಹೋಗಿ. ಗಂಡಸರು ಮಾತ್ರ ಇರುವ ಮನೆಯಾದರೆ ಹೊರಗೆ ಕಟ್ಟೆಯ ಮೇಲೆ ಕೂತೇ ಕೇಳಿ. ಮನಸ್ಸಿಗೆ ಸರಿ ಬರದಿದ್ದರೆ ಎದ್ದು ಬನ್ನಿ, ಆ ಫಾರ್ಮ್ ಹಾಳಾಗಲಿ. ಈ ಮಾತನ್ನು ಅಪ್ಪನ ಎದುರಿಗೇ ನಿಮ್ಮ ಸೂಪರ್‌ವೈಸರ್ ಬಾಯಿಂದಲೂ ಹೇಳಿಸಿ.

ತರಬೇತಿಯಲ್ಲಿ ಅಭ್ಯಾಸಕ್ಕೆ ಅಂತ ಒಂದು ಫಾರ್ಮ್ ಕೊಡುತ್ತಾರೆ. ಅದನ್ನು ಮನೆಗೆ ತರಲು ಅನುಮತಿ ಕೇಳಿ. ರಾತ್ರಿ ಊಟ ಆದ ಮೇಲೆ ಅಪ್ಪನನ್ನು ಎದುರಿಗೆ ಕೂರಿಸಿಕೊಂಡು, ಗುರುತಿಲ್ಲದವರನ್ನು ಕೇಳುವ ಹಾಗೆ ಮೊದಲಿನಿಂದ ಕೊನೆಯವರೆಗೆ ಕೇಳಿ. ಉತ್ತರ ನಿಮಗೆ ಗೊತ್ತಿದ್ದರೂ ನೀವೇ ಬರೆದುಕೊಳ್ಳಬೇಡಿ, ಅವರು ಹೇಳುವವರೆಗೆ ಕಾಯಿರಿ. ಶುರು ಮಾಡಿದ ಹೊತ್ತು, ಮುಗಿದ ಹೊತ್ತು ಎರಡನ್ನೂ ಬರೆದಿಟ್ಟುಕೊಳ್ಳಿ. ಕಂಪನಿಯವರು ಒಂದು ಫಾರ್ಮ್‌ಗೆ ಇಷ್ಟೇ ನಿಮಿಷ ಅಂದಾಗ ನಿಮ್ಮ ಕೈಯಲ್ಲಿ ನಿಮ್ಮದೇ ಒಂದು ಲೆಕ್ಕ ಇರುತ್ತದೆ.